ಕೊತ್ತಂಬರಿ ಡಬ್ಬಿಗೆ ಹೇಳಿದ ಗುಟ್ಟು

ಯಲ್ಲೇಶನಿಗೆ ಉಬ್ಬಸ ಹತ್ತಿದ್ದು ನಲವತ್ತನೆಯ ವಯಸ್ಸಿನಲ್ಲಿ. ಅಂಜಿಕೆ ಹತ್ತಿದ್ದು ಹುಟ್ಟಿದ ದಿನ. ಹೀಗಾಗಿ ಆ ದೇಹದಲ್ಲಿ ಅಂಜಿಕೆಯೇ ಹಿರಿಯ ನೌಕರ, ಉಬ್ಬಸ ಆಮೇಲೆ ಬಂದು ಅದರ ಕೈಕೆಳಗೆ ಸೇರಿಕೊಂಡದ್ದು. ಗ್ಯಾಸಿನ ಸಿಲಿಂಡರಿಗೆ, ಗುರುತಿಲ್ಲದ ನಂಬರಿನಿಂದ ಬರುವ ಫೋನಿಗೆ, ಮಗಳು ಕರುಣಾಳ ಶಾಲೆಯ ಪಾಲಕರ ಸಭೆಗೆ ಅವನು ಅಂಜುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಕಚೇರಿಯ ರಮಾಕಾಂತ ಸಾಹೇಬರಿಗೆ ಅಂಜುತ್ತಿದ್ದ. ಅದು ಧಾರವಾಡದ ಒಂದು ಸರಕಾರಿ ಕಚೇರಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅವರು ನನ್ನ ಮೇಲೊಂದು ಕಡತ ತೆರೆಯುತ್ತಾರೆ, ಅದನ್ನು ಕಟ್ಟಿಡುವ ಕೆಲಸ ಯಲ್ಲೇಶನ ಮೇಜಿಗೇ ಬರುತ್ತದೆ, ರೆಕಾರ್ಡ್ ಕೋಣೆಯ ಧೂಳಿಗೆ ಅವನಿಗೆ ಮತ್ತೆ ಉಬ್ಬಸ ಏಳುತ್ತದೆ. ಪಾಪ, ಬೇಡ.

ಯುಗಾದಿ ಮುಗಿದ ವಾರ ಅವನ ಹೆಂಡತಿ ಜಯಮಾಲಾ ಅವನನ್ನು ಹಳೇ ಹುಬ್ಬಳ್ಳಿಯ ಡಾಕ್ಟರ್ ಸುಹಾಸಿನಿಯವರ ದವಾಖಾನೆಗೆ ಕರೆದುಕೊಂಡು ಹೋದಳು. ಜಯಮಾಲಾ ಗಣಿತದ ಟೀಚರು. ದವಾಖಾನೆಗೂ ನೋಟ್‌ಬುಕ್ಕು ಒಯ್ಯುವ ಹೆಂಗಸು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಉಬ್ಬಸವೂ ಸೀನೂ ಏಳದಂತೆ ಮುಂಚೆಯೇ ತಡೆಯುವ ಒಂದು ಗುಳಿಗೆ ಬರೆದರು. ರಾತ್ರಿ ಊಟವಾದ ಮೇಲೆ ಒಂದು. ಆರಾಮ ಇದ್ದರೂ ತಪ್ಪಿಸುವಂತಿಲ್ಲ, ತಪ್ಪಿತೆಂದು ಮರುದಿನ ಎರಡು ನುಂಗುವಂತಿಲ್ಲ. ಉಬ್ಬಸ ಎದ್ದು ಕೂತಾಗ ಈ ಗುಳಿಗೆ ಏನೂ ಮಾಡದು, ಅದಕ್ಕೆ ಸೇದುವ ಪಂಪೇ ಬೇಕು, ಅದು ಸದಾ ಕಿಸೆಯಲ್ಲಿರಬೇಕು. ಜಯಮಾಲಾ ಎಲ್ಲ ಬರೆದುಕೊಂಡಳು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು.

"ಈ ಗುಳಿಗಿಗೆ ಕೆಲವರಿಗೆ ಸ್ವಭಾವ ಬದಲಾಗತೈತಿ. ಸಿಟ್ಟು ಬರಬಹುದು, ಕೆಟ್ಟ ಕನಸು ಬೀಳಬಹುದು, ಮನಸಿಗೆ ಭಾಳ ಬ್ಯಾಸರ ಆಗಬಹುದು. ಮನ್ಯಾಗಿನವರು ಕಣ್ಣಿಟ್ಟು ನೋಡ್ರಿ. ಏನರ ಕಂಡ್ರ ಅವತ್ತ ನನಗ ಫೋನ್ ಮಾಡ್ರಿ."

ಇಷ್ಟೇ. ಇದರಲ್ಲಿ ಎಲ್ಲಿಯೂ 'ಓಣಿಯವರು ಕಣ್ಣಿಟ್ಟು ನೋಡಿರಿ' ಎಂದಿರಲಿಲ್ಲ. ಆದರೆ ಜಯಮಾಲಾ ಅಮ್ಮಿನಬಾವಿಯಲ್ಲಿದ್ದ ತನ್ನ ಅವ್ವ ಅಕ್ಕವ್ವನಿಗೆ ಫೋನಿನಲ್ಲಿ ಹೇಳಿದಳು. ಅಕ್ಕವ್ವನಿಗೆ ಕಿವಿ ಮಂದ, ಜೋರಾಗಿ ಹೇಳಬೇಕಾಯಿತು. ಗೋಡೆಯಾಚೆ ಬಸಣ್ಣ ಕಾಕಾ ಇದ್ದ. ಅರಳೆ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತ ಮೇಲೆ ಕಾಕಾನಿಗೆ ಎರಡೇ ಉದ್ಯೋಗ: ಮುಂಜಾನೆ ಯಲ್ಲೇಶನ ಪೇಪರನ್ನು ಯಲ್ಲೇಶನಿಗಿಂತ ಮೊದಲು ಓದುವುದು, ಉಳಿದ ಹೊತ್ತು ಅದರಲ್ಲಿ ಬರದ ಸುದ್ದಿಯನ್ನು ಓಣಿಗೆ ಹಂಚುವುದು. ದೀಪ ಹಚ್ಚುವ ಹೊತ್ತಿಗೆ, ಯಲ್ಲೇಶನಿಗೆ ಹುಚ್ಚು ಹಿಡಿಯುವ ಸಂಭವವಿದೆ, ಸರಕಾರಿ ನೌಕರನಾದ್ದರಿಂದ ಅದೂ ನಿಧಾನಕ್ಕೇ ಹಿಡಿಯಬಹುದು ಎಂದು ಓಣಿಗೆಲ್ಲ ಗೊತ್ತಾಗಿತ್ತು.

ಯಲ್ಲೇಶ ಅಂಜಿದ. ಅಂಜಿದವನು ಸುಮ್ಮನೆ ಕೂಡಬೇಕಿತ್ತು. ಆದರೆ ಇಪ್ಪತ್ತು ವರ್ಷ ಗುಮಾಸ್ತನಾಗಿ ದುಡಿದವನಿಗೆ ಅಂಜಿಕೆ ಬಂದರೆ ಕೈ ತಾನೇ ಅರ್ಜಿ ಬರೆಯುತ್ತದೆ. ಮರುದಿನವೇ ಸಾಹೇಬರ ಸನ್ನಿಧಿಗೆ ಒಂದು ವಿನಂತಿ ಹೋಯಿತು: 'ವೈದ್ಯರ ಸಲಹೆಯಂತೆ ಸದರಿ ಗುಳಿಗೆಯನ್ನು ಸೇವಿಸುತ್ತಿದ್ದು, ಅದರಿಂದ ನನ್ನ ಸ್ವಭಾವದಲ್ಲಿ ಬದಲಾವಣೆ ಕಂಡುಬಂದಲ್ಲಿ ಮಾನ್ಯರು ಮುಂಗಡವಾಗಿ ಕ್ಷಮಿಸಬೇಕಾಗಿ ಕೋರಿಕೆ.' ಸಾಹೇಬರು ಎರಡು ಸಲ ಓದಿ, ಯಲ್ಲೇಶನನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿ, 'ಕಡತದಲ್ಲಿಡಿ' ಎಂದು ಬರೆದು ಸಹಿ ಹಾಕಿದರು. ಸಿಟ್ಟು ಬರುವ ಮೊದಲೇ ಸಿಟ್ಟಿಗೆ ಕಡತ ಸಂಖ್ಯೆ ಬಿದ್ದದ್ದು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು.

ಮೊದಲ ರಾತ್ರಿ, ಎರಡನೆಯ ರಾತ್ರಿ ಗುಳಿಗೆ ನುಂಗಿದ, ಏನೂ ಆಗಲಿಲ್ಲ. ಮೂರನೆಯ ರಾತ್ರಿ ಕನಸು ಬಿತ್ತು. ಕನಸಿನಲ್ಲಿ ಅವನು ರೆಕಾರ್ಡ್ ಕೋಣೆಯ ಕಬ್ಬಿಣದ ಸ್ಟೂಲು ಎತ್ತಿಕೊಂಡು ರಮಾಕಾಂತ ಸಾಹೇಬರನ್ನು ಕಚೇರಿಯ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದ. ಸಾಹೇಬರು ಓಡುತ್ತ ಓಡುತ್ತ ಮಗುವಿನಷ್ಟು ಸಣ್ಣವರಾಗಿ ಅಳತೊಡಗಿದರು. ಅದೂ ಭಯಂಕರವಲ್ಲ. ಭಯಂಕರವಾದದ್ದೆಂದರೆ, ಕನಸಿನಲ್ಲಿ ಯಲ್ಲೇಶನಿಗೆ ಬಹಳ ಹಿಗ್ಗಾಗಿತ್ತು. ಎದ್ದಾಗ ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು. ಪಕ್ಕದಲ್ಲಿ ಕರುಣಾ ಬಾಯಿ ತೆರೆದು ನಿದ್ರಿಸುತ್ತಿದ್ದಳು. ಈ ಕೈ ನಾಳೆ ಏನು ಮಾಡೀತೋ ಎಂದು ಅವನು ತನ್ನ ಕೈಯನ್ನೇ ದಿಂಬಿನ ಕೆಳಗೆ ಒತ್ತಿ ಇಟ್ಟುಕೊಂಡು ಬೆಳಕು ಹರಿಸಿದ.

ಅವತ್ತೇ ಡಾಕ್ಟರಿಗೆ ಹೇಳಬೇಕಿತ್ತು. ಆದರೆ ಅವನ ತಲೆಯಲ್ಲಿ ಲೆಕ್ಕ ಬೇರೆಯೇ ನಡೆಯಿತು. ಹೇಳಿದರೆ ಜಯಮಾಲಾ ಬರೆದುಕೊಳ್ಳುತ್ತಾಳೆ. ಡಾಕ್ಟರು ಅದನ್ನು ಓದಿ ಚೀಟಿ ಕೊಡುತ್ತಾರೆ. ಚೀಟಿ ಕಚೇರಿಯ ಕಡತ ಸೇರುತ್ತದೆ. ಕಡತದಿಂದ ಸೇವಾ ಪುಸ್ತಕಕ್ಕೆ ಏರುತ್ತದೆ: 'ಸದರಿ ನೌಕರನು ಕನಸಿನಲ್ಲಿ ಮೇಲಧಿಕಾರಿಯವರ ಮೇಲೆ ಸ್ಟೂಲು ಎತ್ತಿರುತ್ತಾನೆ.' ಅದೂ ಕೆಂಪು ಶಾಯಿಯಲ್ಲಿ. ನಿವೃತ್ತಿಯವರೆಗೆ ಅಳಿಸಲಾಗದು.

ನಾಲ್ಕನೆಯ ರಾತ್ರಿಯಿಂದ ಯಲ್ಲೇಶ ಗುಳಿಗೆ ನುಂಗುವ ನಾಟಕ ಶುರುಮಾಡಿದ. ಜಯಮಾಲಾ ಗುಳಿಗೆ ಕೊಟ್ಟು, ನೀರಿನ ಲೋಟ ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಅವನು ಗುಳಿಗೆಯನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಬಾಯಿಗೆ ಕೈ ಒಯ್ದು, ನೀರು ಕುಡಿದು, ಕತ್ತೆತ್ತಿ ಗುಟುಕರಿಸಿ, ಹಿತ್ತಲಿಗೆ ಕೈ ತೊಳೆಯಲು ಹೋಗುತ್ತಿದ್ದ. ಚರಂಡಿಗೆ ಎಸೆಯಲು ಧೈರ್ಯವಿಲ್ಲ. ಓಣಿಯ ಆಡು ತಿಂದು ಅದರ ಸ್ವಭಾವ ಬದಲಾದರೆ? ಹಿತ್ತಲ ದಾರಿಯ ಸಣ್ಣ ಕೋಣೆಯಲ್ಲಿ ಕೊತ್ತಂಬರಿ ಕಾಳಿನ ದೊಡ್ಡ ಡಬ್ಬಿಯೊಂದಿತ್ತು. ದಿನಬಳಕೆಯದಲ್ಲ, ವರ್ಷಕ್ಕೊಮ್ಮೆ ತೆರೆಯುವಂಥದು. ಗುಳಿಗೆಯೂ ಹೆಚ್ಚುಕಡಿಮೆ ಕೊತ್ತಂಬರಿಯದೇ ಬಣ್ಣ. ಇದಕ್ಕಿಂತ ಸುರಕ್ಷಿತ ಜಾಗ ಹುಬ್ಬಳ್ಳಿಯಲ್ಲಿಲ್ಲ ಎಂದು ಯಲ್ಲೇಶ ತೀರ್ಮಾನಿಸಿದ. ವರ್ಷಕ್ಕೊಮ್ಮೆ ತೆರೆಯುವ ಡಬ್ಬಿಗೂ ವರ್ಷದಲ್ಲಿ ಒಂದು ದಿನ ಇರುತ್ತದೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಗುಳಿಗೆ ನಿಂತಿತು, ಉಬ್ಬಸ ಏಳತೊಡಗಿತು. ಬೆಳಗಿನ ಜಾವ ಎದೆಯಲ್ಲಿ ಬೆಕ್ಕಿನ ಮರಿ ಕೂಗಿದಂತಾಗುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸಲ ಬಚ್ಚಲಿಗೆ ಹೋಗಿ ಕದ್ದು ಪಂಪು ಸೇದುತ್ತಿದ್ದ. ನಿದ್ದೆಯಿಲ್ಲದ ಮನುಷ್ಯನಿಗೆ ಸಿಡುಕು ಬಾರದಿದ್ದೀತೇ? ಎಂಟನೆಯ ದಿನ ಬಸಣ್ಣ ಕಾಕಾ ಪೇಪರಿಗೆ ಕೈ ಚಾಚಿದಾಗ ಯಲ್ಲೇಶ, "ಕಾಕಾ, ಇವತ್ತ ನಾ ಓದಿ ಆಮೇಲೆ ಕೊಡತೇನಿ," ಅಂದ. ಜೋರಾಗಿ ಕೂಡ ಅನ್ನಲಿಲ್ಲ. ಕಾಕಾ ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆಳೆದುಕೊಂಡು ಮೆಟ್ಟಿಲು ಇಳಿದು, ಶುರುವಾತು ಎಂದು ಇಡೀ ಓಣಿಗೆ ಸಾರಿದ. ಅಂದಿನಿಂದ ಯಲ್ಲೇಶ ಮೂರನೆಯ ರೊಟ್ಟಿ ಕೇಳಿದರೂ ಸುದ್ದಿ, ಬೇಡವೆಂದರೂ ಸುದ್ದಿ. ಆಡಿನ ಮುಂದೆ ಎರಡು ನಿಮಿಷ ನಿಂತದ್ದನ್ನು ಯಾರೋ ಜಯಮಾಲಾಗೆ ಮುಟ್ಟಿಸಿದರು. ಅವಳು ತಾರೀಖು ಹಾಕಿ ಬರೆದುಕೊಂಡಳು. ಡಾಕ್ಟರಿಗೆ ಫೋನ್ ಮಾಡೋಣವೆಂದು ಅವಳು ಎರಡು ಸಲ ಕೇಳಿದಳು. ಅವನು ಎರಡು ಸಲವೂ ನಗುಮುಖ ಮಾಡಿ ತೋರಿಸಿ ತಪ್ಪಿಸಿದ. ಆ ನಗುವನ್ನು ನೋಡಿ ಅವಳಿಗೆ ಇನ್ನಷ್ಟು ಅಂಜಿಕೆಯಾಯಿತು. ಶನಿವಾರದ ತನಕ ನೋಡುವುದು, ಆಮೇಲೆ ಇವನನ್ನು ಕೇಳದೆ ದವಾಖಾನೆಗೆ ಎಳೆದೊಯ್ಯುವುದು ಎಂದು ಮನಸ್ಸಿನಲ್ಲೇ ಗೆರೆ ಎಳೆದಳು.

ಕಚೇರಿಯಲ್ಲಿ ಹನ್ನೆರಡನೆಯ ದಿನ ಸಾಹೇಬರು ತಮ್ಮ ಮನೆಯ ಕರೆಂಟ್ ಬಿಲ್ಲು ಕೊಟ್ಟು, ತುಂಬಿ ಬಾ ಅಂದರು. ಏಳು ವರ್ಷದಿಂದ ಯಲ್ಲೇಶನೇ ತುಂಬುತ್ತಿದ್ದ. ಅವತ್ತು ಎದೆ ಬಿಗಿದಿತ್ತು, ಬಿಸಿಲು ಕುದಿಯುತ್ತಿತ್ತು. "ಇವತ್ತ ಆಗೂದಿಲ್ರಿ ಸರ್," ಎಂಬ ಮಾತು ಬಾಯಿಂದ ಬಿತ್ತು. ಬಿದ್ದ ಮಾತನ್ನು ನೋಡಿ ಯಲ್ಲೇಶನೇ ಒಂದು ಹೆಜ್ಜೆ ಹಿಂದೆ ಸರಿದ. ಸಾಹೇಬರು ಎರಡು ಹೆಜ್ಜೆ ಸರಿದರು. ಆಮೇಲೆ ಕಪಾಟಿನಿಂದ ಆ ಅರ್ಜಿ ತರಿಸಿ, 'ಮುಂಗಡವಾಗಿ' ಎಂಬ ಶಬ್ದದ ಕೆಳಗೆ ಗೆರೆ ಎಳೆದು, ಬಿಲ್ಲನ್ನು ಮಡಚಿ ತಮ್ಮ ಕಿಸೆಯಲ್ಲಿಟ್ಟುಕೊಂಡರು. ಅಂದಿನಿಂದ ಅವನ ಮೇಜಿಗೆ ಮನೆಗೆಲಸ ಬರಲಿಲ್ಲ.

ಈಗ ಯಲ್ಲೇಶನ ಅಂಜಿಕೆ ಎರಡಾಯಿತು. ನುಂಗಿದರೆ ಗುಳಿಗೆಯ ಅಂಜಿಕೆ. ನುಂಗುತ್ತಿಲ್ಲವೆಂದು ಗೊತ್ತಾದರೆ, ಅಷ್ಟೂ ಸಿಟ್ಟು ಅವನ ಸ್ವಂತದ್ದೆಂದು ಗೊತ್ತಾಗುವ ಅಂಜಿಕೆ. ಗುಳಿಗೆಯ ಸಿಟ್ಟಿಗೆ ಕ್ಷಮೆಯಿದೆ, ಕಡತ ಸಂಖ್ಯೆಯಿದೆ. ಸ್ವಂತ ಸಿಟ್ಟಿಗೆ ಏನಿದೆ?

ಹೀಗೆ ಇಪ್ಪತ್ತೊಂದು ರಾತ್ರಿ ಕಳೆದು ಎರಡನೆಯ ಶನಿವಾರ ಬಂತು. ರಜೆ. ನಸುಕಿನಲ್ಲೇ ಜಯಮಾಲಾ ಅವನನ್ನು ಎಬ್ಬಿಸಿ, ಹೆಬ್ಬಳ್ಳಿಯಲ್ಲಿರುವ ಅವನ ಅಕ್ಕನ ಮನೆಗೆ ಹೋಗಿ ಬರಬೇಕೆಂದೂ, ಸಂಜೆಗಿಂತ ಮೊದಲು ತಿರುಗಿ ಬರಬಾರದೆಂದೂ ಹೇಳಿದಳು. ಯಾಕೆಂದು ಹೇಳಲಿಲ್ಲ. ಹೇಳದಿರಲು ಕಾರಣವಿತ್ತು. ಅವತ್ತು ವರ್ಷದ ಮಸಾಲಿ ಖಾರ ಕುಟ್ಟಿಸುವ ದಿನ. ಹೋದ ವರ್ಷ ತಾರೀಖು ಕೇಳಿದ್ದಕ್ಕೇ ಯಲ್ಲೇಶನಿಗೆ ಮೂರು ದಿನ ಮುಂಚಿತವಾಗಿ ಕೆಮ್ಮು ಹತ್ತಿತ್ತು. ಹಿಂದಿನ ದಿನವೇ ಅಮ್ಮಿನಬಾವಿಯಿಂದ ಅಕ್ಕವ್ವ ಬಂದದ್ದನ್ನು, ರಾತ್ರಿ ಅವಳು ಸಣ್ಣ ಕೋಣೆಯಲ್ಲಿ ಕೊತ್ತಂಬರಿ ಡಬ್ಬಿಗೇ ಬೆನ್ನು ಕೊಟ್ಟು ಕೂತು ರಾಶಿ ಬೆಳ್ಳುಳ್ಳಿ ಸುಲಿಯುತ್ತಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಂಡು, ಅತ್ತೆಗೆ ಬೆಳ್ಳುಳ್ಳಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಮಲಗಿದ್ದ. ಈಗಲೂ ನಿನ್ನೆಯ ಅಂಗಿಯನ್ನೇ ತೊಟ್ಟು ಸ್ಕೂಟರ್ ಏರಿ ಹೋದ.

ಹೆಬ್ಬಳ್ಳಿಯಲ್ಲಿ ಅಕ್ಕನ ಮನೆಯ ಮುಂದೆ ಹೊಟ್ಟು ತೂರುತ್ತಿದ್ದರು. ದೂರದಿಂದಲೇ ಆ ಧೂಳನ್ನು ನೋಡಿ ಯಲ್ಲೇಶ ಸ್ಕೂಟರ್ ತಿರುಗಿಸಿದ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಮನೆಯಲ್ಲಿದ್ದ. ಅಂಗಳದಲ್ಲಿ ತೊಳೆದು ಬೋರಲು ಹಾಕಿದ ಡಬ್ಬಿಯೊಂದು ಬಿಸಿಲಿಗೆ ಮಿಂಚುತ್ತಿತ್ತು. ಬಸಣ್ಣ ಕಾಕಾನ ಕಟ್ಟೆಯ ಮೇಲೆ ಕೂತಿದ್ದ ಕರುಣಾ, ಅವ್ವ, ಅಜ್ಜಿ ಇಬ್ಬರೂ ಮುಂಜಾನೆಯೇ ಕರೀಮಾಬಿಯ ಗಿರಣಿಗೆ ಹೋಗಿದ್ದಾರೆಂದು ಹೇಳಿದಳು.

"ಅಪ್ಪಾ, ಬಿಸಿ ರೊಟ್ಟಿಗೆ ಹೊಸ ಖಾರ, ಎಣ್ಣಿ ಹಚ್ಚಿ ಕೊಡತೇನಿ ಅಂದಾಳ ಅವ್ವ. ಮೊದಲನೇದು ನಂದ."

ಯಲ್ಲೇಶನ ಕಾಲ ಕೆಳಗಿನ ನೆಲ ಅರ್ಧ ಗೇಣು ಕೆಳಗಿಳಿಯಿತು. ಹನ್ನೊಂದು ಕಿಲೋ ಖಾರ. ಒಂದು ಪಾಲು ಅಮ್ಮಿನಬಾವಿಗೆ. ಎರಡು ಕಿಲೋ ರಮಾಕಾಂತ ಸಾಹೇಬರ ಮನೆಗೆ, ಪ್ರತಿವರ್ಷದ ಪದ್ಧತಿ. ಉಳಿದದ್ದೆಲ್ಲ ಈ ಮನೆಯ ತಟ್ಟೆಗೆ, ಈ ಎಂಟು ವರ್ಷದ ಹುಡುಗಿಯ ರೊಟ್ಟಿಗೆ. ದೊಡ್ಡವನಾದ ತನಗೇ ಸ್ಟೂಲು ಎತ್ತಿಸಿದ ಗುಳಿಗೆ, ಒಂದಲ್ಲ, ಹದಿನೆಂಟು. ಅವನು ಮಗಳ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಸ್ಕೂಟರ್ ಹೋದ ವೇಗಕ್ಕೆ ಆಡು ಕಟ್ಟೆ ಹತ್ತಿತು. ಬಸಣ್ಣ ಕಾಕಾ, ಇನ್ನು ತಡ ಮಾಡಬಾರದೆಂದು, ಕರುಣಾಳನ್ನು ತನ್ನ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಬೆನ್ನು ಹತ್ತಿದ.

ಖಾರ ಕುಟ್ಟುವ ಗಿರಣಿಯನ್ನು ನೋಡದವರಿಗೆ ಹೇಳಬೇಕು. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಬೀಳುತ್ತಿರುತ್ತವೆ. ಒಳಗಿನ ಗಾಳಿಯೇ ಕೆಂಪಗಿರುತ್ತದೆ. ಹೆಂಗಸರು ಕಣ್ಣು ಮಾತ್ರ ಬಿಟ್ಟು ಮುಖವೆಲ್ಲ ಸೆರಗಿನಲ್ಲಿ ಸುತ್ತಿಕೊಂಡು ತಮ್ಮ ತಮ್ಮ ಬುಟ್ಟಿಯ ಪಕ್ಕ ಕಾವಲು ಕೂತಿರುತ್ತಾರೆ. ಒಬ್ಬರ ಮೆಣಸಿನಕಾಯಿ ಇನ್ನೊಬ್ಬರದರಲ್ಲಿ ಸೇರಬಾರದು. ಗಟ್ಟಿ ಎದೆಯವರೂ ಅಲ್ಲಿ ಹತ್ತು ಸಲ ಸೀನುತ್ತಾರೆ. ಆ ಬಾಗಿಲ ಮುಂದೆ ಯಲ್ಲೇಶ ನಿಂತ. ರಸ್ತೆಯಿಂದಲೇ ಕೂಗಿದ, ಒನಕೆಯ ಸಪ್ಪಳದಲ್ಲಿ ಕೂಗು ಪುಡಿಯಾಯಿತು. ಎರಡೂ ಕೈ ಎತ್ತಿ ಬೀಸಿದ. ಪಾಳಿಯಲ್ಲಿದ್ದ ಹೆಂಗಸೊಬ್ಬಳು ಅದನ್ನು ನೋಡಿ, ತನ್ನ ಕೊಬ್ಬರಿ ಚೀಲ ಹತ್ತಿರಕ್ಕೆ ಎಳೆದುಕೊಂಡಳು.

ಕಿಸೆ ಮುಟ್ಟಿ ನೋಡಿದ. ಪಂಪಿರಲಿಲ್ಲ. ಈ ಮನುಷ್ಯ ಜೀವನದಲ್ಲಿ ಎಲ್ಲಿಂದಲೂ ಹಿಂದೆ ಸರಿದವನೇ. ಇಲ್ಲಿಂದಲೂ ಸರಿಯಬಹುದಿತ್ತು. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿದ.

ನಾಲ್ಕನೆಯ ಹೆಜ್ಜೆಗೆ ಸೀನು, ಎಂಟನೆಯ ಹೆಜ್ಜೆಗೆ ಕೆಮ್ಮು. ಜಯಮಾಲಾಳ ಮುಂದೆ ಬಂದು ನಿಂತಾಗ ಎದೆಗೆ ಯಾರೋ ಹಗ್ಗ ಸುತ್ತಿ ಎಳೆದಂತಾಗಿತ್ತು. ಅವಳ ಮುಂದಿನ ಪರಾತದಲ್ಲಿ ಕೊತ್ತಂಬರಿ, ಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಸೇರಿ ಕುಟ್ಟಿದ ಕೆಂಪನೆಯ ಖಾರ ಗುಡ್ಡೆಯಾಗಿತ್ತು. ತಡವಾಗಿಹೋಗಿತ್ತು. ಯಲ್ಲೇಶ ಮಾತಾಡಲಾಗದೆ ಆ ಗುಡ್ಡೆಯ ಮೇಲೆ ಎರಡೂ ಕೈ ಅಡ್ಡ ಚಾಚಿ ಬಗ್ಗಿ ನಿಂತ. ಬಾಗಿಲಲ್ಲಿ ಬಸಣ್ಣ ಕಾಕಾ ಗುಳಿಗೆ ತಲೆಗೇರಿದೆಯೆಂದು ಕೂಗಿದ. ಕರೀಮಾಬಿ ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಪಾಳಿ ಇರುವಾಗ ಆ ಗಿರಣಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ಆ ನಿಶ್ಶಬ್ದದಲ್ಲಿ ಯಲ್ಲೇಶ ಒಂದೊಂದೇ ಶಬ್ದ ಎಳೆದು ಎಳೆದು ಹೇಳಿದ.

"ಖಾರದಾಗ... ನನ್ನ ಗುಳಿಗಿ ಅದಾವು. ಹದಿನೆಂಟು. ನಾ ನುಂಗಿಲ್ಲ. ಕೊತ್ತಂಬರಿ ಡಬ್ಯಾಗ ಹಾಕೇನಿ. ಕರುಣಾಗ... ತಿನಿಸಬ್ಯಾಡ."

ಪಾಳಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಬುಟ್ಟಿಯನ್ನು ನೋಡಿದರು. ಎಲ್ಲರಿಗೂ ಅವೇ ಒನಕೆ, ಇವನ ಗುಳಿಗೆ ಮೆತ್ತಿದ ಒನಕೆಯಲ್ಲಿ ತಮ್ಮದನ್ನು ಕುಟ್ಟುವುದು ಹೇಗೆ, ಆಗಲೇ ಕುಟ್ಟಿಸಿಕೊಂಡವರ ಗತಿ ಏನು ಎಂದು ಗಲಾಟೆ ಎದ್ದಿತು. ಕರೀಮಾಬಿ ಸೊಂಟಕ್ಕೆ ಕೈ ಕೊಟ್ಟು, "ಮೂವತ್ತು ವರ್ಸ ಆತು ಗಿರಣಿ ಹಾಕಿ. ಖಾರಕ್ಕ ಇಟ್ಟಂಗಿ ಪುಡಿ ಹಾಕವರನ್ನ ಕಂಡೇನಿ. ದವಾ ಹಾಕವರನ್ನ ಇವತ್ತ ಕಂಡೆ," ಅಂದಳು.

ಜಯಮಾಲಾ ಗಂಡನ ಬಣ್ಣಗೆಟ್ಟ ತುಟಿಯನ್ನು ನೋಡಿದಳು, ತನ್ನ ಚೀಲದಿಂದ ಇನ್ನೊಂದು ಪಂಪು ತೆಗೆದಳು. ಇವನನ್ನು ನಂಬದೆ ಎರಡು ಕೊಂಡಿದ್ದಳು. ಹೊರಗೆ ಎಳೆದು ತಂದು, ಕಟ್ಟೆಯ ಮೇಲೆ ನೆಟ್ಟಗೆ ಕೂಡಿಸಿ ಸೇದಿಸಿದಳು. ಕರುಣಾ ಓಡಿ ಬಂದು ಅಪ್ಪನ ಪಕ್ಕ ಕೂತಳು. ಐದು ನಿಮಿಷದಲ್ಲಿ ಆಟೋ ಬಂತು. ಎಲೆ ಅಡಿಕೆ ತರಲು ಮೂಲೆಯ ಅಂಗಡಿಗೆ ಹೋಗಿದ್ದ ಅಕ್ಕವ್ವ ತಿರುಗಿ ಬಂದಾಗ ಮಗಳೂ ಇಲ್ಲ, ಖಾರದ ಪರಾತಕ್ಕೆ ಕರೀಮಾಬಿಯೇ ಕಾವಲು.

ದವಾಖಾನೆಯಲ್ಲಿ ಯಲ್ಲೇಶನ ಮುಖಕ್ಕೆ ಔಷಧಿಯ ಹೊಗೆ ಬರುವ ಮುಖವಾಡ ಹಾಕಿದರು. ಅರ್ಧ ತಾಸಿಗೆ ಎದೆ ಸಡಿಲಾಯಿತು, ಮುಖಕ್ಕೆ ಬಣ್ಣ ಬಂತು. ಡಾಕ್ಟರ್ ಸುಹಾಸಿನಿ ನೋಟ್‌ಬುಕ್ಕನ್ನೂ ಕೇಳಿದರು, ಯಲ್ಲೇಶನನ್ನೂ ಕೇಳಿದರು. ಸ್ಟೂಲಿನ ಕನಸು ಹೊರಬಿತ್ತು, ಬಚ್ಚಲಲ್ಲಿ ಕದ್ದು ಸೇದಿದ್ದು ಹೊರಬಿತ್ತು, ಸಿಟ್ಟು ಬಂದದ್ದೆಲ್ಲ ಗುಳಿಗೆ ಬಿಟ್ಟ ಮೇಲೆಯೇ ಎಂಬುದೂ ಹೊರಬಿತ್ತು. ಬಸಣ್ಣ ಕಾಕಾ ಮೂಲೆಯಲ್ಲಿ ನಿಂತು, ಪೇಪರು ಸಿಗದ ದಿನದ ತಾರೀಖನ್ನು ಬೆರಳಿನಲ್ಲಿ ಲೆಕ್ಕ ಹಾಕಿ ಸಣ್ಣಗಾದ.

"ಆ ಕನಸಿಗೆ ಅಂಜಿದ್ದು ತಪ್ಪಲ್ಲ. ಅಂಜಬೇಕಾದ ಮಾತ ಅದು," ಅಂದರು ಡಾಕ್ಟರು. "ಆದರ ಅಂಜಿದವರು ನನಗ ಹೇಳಬೇಕಿತ್ತು. ಕೊತ್ತಂಬರಿ ಡಬ್ಬಿಗೆ ಅಲ್ಲ. ಅವತ್ತ ಫೋನ್ ಮಾಡಿದ್ರ ಅವತ್ತ ಗುಳಿಗಿ ಬದಲಿಸತಿದ್ದೆ."

ಅಷ್ಟು ಹೊತ್ತಿಗೆ ಅಕ್ಕವ್ವ ಏದುಸಿರು ಬಿಡುತ್ತ ಒಳಗೆ ಬಂದಳು. ಅವಳ ಕಿವಿಗೆ ವಿಷಯವನ್ನು ಎರಡು ಸಲ ಕೂಗಿ ಮುಟ್ಟಿಸಬೇಕಾಯಿತು. ಕೇಳಿದವಳು ನೆಲಕ್ಕೆ ಕೂತು, ಎಲೆ ಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಒಂದು ಕಾಗದದ ಪೊಟ್ಟಣ ತೆಗೆದಳು.

"ಇವೇನು? ನಿನ್ನೆ ಮಧ್ಯಾಹ್ನ ಕೊತ್ತಂಬರಿ ಕೇರುವಾಗ ಸಿಕ್ಕುವು. ಕಾಳಿಗೆ ಹುಳ ಹತ್ತಬಾರದಂತ ಮಗಳು ಹುಳದ ಗುಳಿಗಿ ಇಟ್ಟಾಳ, ಶಾಣ್ಯಾಕಿ ಅಂತ ಆರಿಸಿ ತಗದಿಟ್ಟೆ. ನಮ್ಮ ಜ್ವಾಳದ ಚೀಲಕ್ಕ ಹಾಕೋಣಂತ."

ಕಾಳು ಕೆಡದಂತೆ ಇಡುವ ಗುಳಿಗೆಯನ್ನು ತಿನ್ನುವ ಎಲೆಯ ಜೊತೆ ಯಾರಾದರೂ ಇಡುತ್ತಾರೆಯೇ ಎಂದು ಡಾಕ್ಟರು ಬೈಯಬೇಕೆಂದಿದ್ದರು. ಆದರೆ ಆ ಹೊತ್ತಿಗೆ ಜಯಮಾಲಾ ಪೊಟ್ಟಣ ಮೇಜಿನ ಮೇಲೆ ಸುರಿದು ಎಣಿಸತೊಡಗಿದ್ದಳು. ಇಪ್ಪತ್ತೊಂದರಲ್ಲಿ ನುಂಗಿದ್ದು ಮೂರು. ಉಳಿಯಬೇಕಾದ್ದು ಹದಿನೆಂಟು. ಮೇಜಿನ ಮೇಲಿದ್ದದ್ದು ಹದಿನೇಳು.

ಮತ್ತೊಮ್ಮೆ ಎಣಿಸಿದಳು. ಹದಿನೇಳು.

ಒಂದು ಗುಳಿಗೆ ಆ ಹನ್ನೊಂದು ಕಿಲೋದಲ್ಲಿ ಎಲ್ಲೋ ಪುಡಿಯಾಗಿ ಕೂತಿದೆ. ಎಲ್ಲಿ ಎಂದು ಹೇಳುವವರಿಲ್ಲ. ಜಯಮಾಲಾ ಪೆನ್ನಿಗೆ ಮುಚ್ಚಳ ಹಾಕಿ, ಅಷ್ಟೂ ಚೆಲ್ಲುವುದೆಂದು ಹೇಳಿದಳು. ಮೂರು ತಿಂಗಳಿಂದ ಮೆಣಸಿನಕಾಯಿ ಆರಿಸಿ, ತೊಟ್ಟು ಮುರಿದು, ಬಿಸಿಲು ನೋಡಿ ನೋಡಿ ಒಣಗಿಸಿದವಳು ಅವಳೇ. ಯಲ್ಲೇಶನಿಗೆ ಗಿರಣಿಯಲ್ಲಿಯೂ ಬಾರದ ಅಳು ಆಗ ಬಂತು. ಅಳುವವನ ಮುಖ ಒರೆಸಲು ಕರುಣಾ ಅವನ ಅಂಗಿಯ ಕಿಸೆಗೆ ಕೈ ಹಾಕಿ ಕರವಸ್ತ್ರ ಹುಡುಕಿದಳು. ಕರವಸ್ತ್ರ ಕೊರಳಲ್ಲೇ ಇತ್ತು. ಕಿಸೆಯಿಂದ ಬಂದದ್ದು ಒಂದು ಗುಳಿಗೆ.

ಆಗ ನೆನಪಾಯಿತು. ನಿನ್ನೆ ರಾತ್ರಿ ಅಕ್ಕವ್ವ ಡಬ್ಬಿಗೆ ಬೆನ್ನು ಕೊಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದಳಲ್ಲ, ಹಾಕಲು ಆಸ್ಪದವಿರಲಿಲ್ಲ. ಆದ್ದರಿಂದ ಕಿಸೆಗೆ ಹಾಕಿಕೊಂಡಿದ್ದ. ಎರಡೂ ಕೂಡಿ ಸಪ್ಪಳ ಮಾಡೀತೆಂದು, ಕಿಸೆಯಲ್ಲಿದ್ದ ಪಂಪನ್ನು ತೆಗೆದು ಕಿಟಕಿಯಲ್ಲಿಟ್ಟಿದ್ದ. ಪಂಪು ಇರಬೇಕಾದ ಜಾಗದಲ್ಲಿ, ನುಂಗದ ಗುಳಿಗೆಯನ್ನು ಕಾಯುತ್ತ, ಈ ಮಹಾಶಯ ಮೆಣಸಿನ ಗಿರಣಿಯೊಳಗೆ ಹೋಗಿ ಬಂದಿದ್ದ.

ಡಾಕ್ಟರು ಆ ಹದಿನೆಂಟನ್ನೂ ತಮ್ಮಲ್ಲೇ ಇಟ್ಟುಕೊಂಡು, ಇನ್ನು ಮುಂದೆ ಗುಳಿಗೆ ಬೇಡ, ಮುಂಜಾನೆ ಸಂಜೆ ಬೇರೊಂದು ಪಂಪು ಸೇದಬೇಕು, ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು, ಹಳೆಯ ಪಂಪು ಕಿಸೆ ಬಿಟ್ಟು ಅಲುಗಬಾರದು ಎಂದರು. ಜಯಮಾಲಾ ಬರೆದುಕೊಂಡಳು. ಅವತ್ತು ಸಂಜೆ ಕರುಣಾ ಮೊದಲನೆಯ ರೊಟ್ಟಿ ತಿಂದಳು. ಅವಳು ನುಂಗಿದ ಪ್ರತಿ ತುತ್ತಿಗೂ ಯಲ್ಲೇಶ ಅಂಗಳದಲ್ಲಿ ದೂರ ಕೂತು ತಾನೂ ಗುಟುಕರಿಸಿದ.

ಸೋಮವಾರ ಎರಡು ಕಿಲೋ ಖಾರದ ಡಬ್ಬಿ ಸಾಹೇಬರ ಮೇಜಿಗೆ ಮುಟ್ಟಿತು. ಮುಚ್ಚಳ ತೆಗೆದು ವಾಸನೆ ನೋಡಿ ಅವರು ಪ್ರಸನ್ನರಾದರು. ಕರೆಂಟ್ ಬಿಲ್ಲನ್ನು ಕಿಸೆಯಿಂದ ಅರ್ಧ ಹೊರಗೆ ತೆಗೆದು, ಬಹಳ ಮೆತ್ತಗೆ, ಆ ಗುಳಿಗೆ ಇನ್ನೂ ನಡೆದಿದೆಯೋ ಹೇಗೆ ಎಂದು ವಿಚಾರಿಸಿದರು.

"ಇಲ್ರಿ ಸರ್. ಡಾಕ್ಟರು ಬಿಡಿಸ್ಯಾರ."

ಬಿಲ್ಲು ಪೂರ್ತಿ ಹೊರಗೆ ಬಂತು. ಯಲ್ಲೇಶನ ಕೈ ತಾನೇ ಅರ್ಜಿ ಬರೆಯಲು ಪೆನ್ನು ಹುಡುಕಿತು. ಆ ಕೈಯಿಂದ ಅವನು ಕಿಸೆಯ ಪಂಪನ್ನು ಮುಟ್ಟಿಕೊಂಡ. ಇತ್ತು.

"ಆದರ ಸರ್, ಅವತ್ತೂ ನಾ ಅದನ್ನ ತಗೊಂಡಿದ್ದಿಲ್ರಿ."

ಸಾಹೇಬರು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು. ಆಮೇಲೆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು, ಛತ್ರಿ ತೆಗೆದುಕೊಂಡು, ತುಂಬಲು ತಾವೇ ಹೊರಟರು.